ಬದುವಿನ ಮೇಲೆ ಹೂವು, ಮಣ್ಣಿನೊಳಗೆ ಜೇನು: ಉತ್ತರಿ ಮಳೆವರೆಗಿನ ವರದಿ

ಉತ್ತರಿ ಮಳೆ ಚೆನ್ನಾಗಿ ಬಿತ್ತು. ಕುಷ್ಟಗಿ ಕಡೆಯ ನಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲದ ಬದುವಿನ ಮೇಲೆ ಗುರೆಳ್ಳು ಈಗ ಹಳದಿಯಾಗಿ ನಿಂತಿದೆ. ನೆಲದ ಜೇನುಗಳಿಗಾಗಿ ಹೂವು ಬಿತ್ತಿದ್ದು ಎಲ್ಲಿಗೆ ಬಂತು ಅಂತ ಕೇಳುತ್ತಿದ್ದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಜೇನು ಅಂದ ಕೂಡಲೇ ನಮಗೆ ಹೆಜ್ಜೇನು, ತುಡುವೆ, ಪೆಟ್ಟಿಗೆ ನೆನಪಾಗುತ್ತವೆ ಅಲ್ವಾ. ಆದರೆ ಜಗತ್ತಿನಲ್ಲಿರುವ ಸುಮಾರು 20,000 ಬಗೆಯ ಜೇನುಗಳಲ್ಲಿ ಶೇ 70ರಷ್ಟು ಗೂಡು ಮಾಡೋದು ಮಣ್ಣಿನಲ್ಲೇ. ಹೆಚ್ಚಿನವು ಒಂಟಿ. ಒಂದೊಂದು ಹೆಣ್ಣೂ ತಾನೇ ನೆಲ ಕೊರೆದು, ಪರಾಗಕ್ಕೆ ಮಕರಂದ ಕಲಸಿಟ್ಟು, ಅದರ ಮೇಲೊಂದು ಮೊಟ್ಟೆ ಇಟ್ಟು, ಗೂಡಿನ ಬಾಯಿ ಮುಚ್ಚಿ ಹೋಗುತ್ತೆ. ಮರಿ ಬೆಳೆದು ಹೊರಗೆ ಬರುವ ತನಕ ಆ ಮಣ್ಣೇ ಅದರ ಮನೆ. ಅದರ ಮೇಲೆ ರೋಟಾವೇಟರ್ ಓಡಿದರೆ ಬದುವಿನ ತುಂಬಾ ಹೂವಿದ್ದು ಏನು ಬಂತು? ಅದಕ್ಕೇ ನನಗೆ ಬಿತ್ತುವುದಕ್ಕಿಂತ ಬಿಡುವುದೇ ದೊಡ್ಡ ಕೆಲಸ.

ಬದುವಿನ ಮೂಡಲ ಇಳಿಜಾರಿಗೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತೆ, ನೀರು ನಿಲ್ಲಲ್ಲ. ಅಲ್ಲಿ ಏನೂ ಬಿತ್ತಿಲ್ಲ. ಕುಂಟೆ ಇಲ್ಲ, ಕಳೆನಾಶಕ ಇಲ್ಲ. ಮೇಲ್ಭಾಗಕ್ಕೆ ಗುರೆಳ್ಳು, ಪುಂಡಿ, ಅಲಸಂದಿ, ಕಾಮಕಸ್ತೂರಿ. ತುಂಬೆ ತಾನಾಗೇ ಎದ್ದಿದೆ, ತಂಗಡಿ ಮೊದಲಿಂದಲೂ ಇದೆ. ಬೀಜ ಎಲ್ಲ ಮನೆಯದ್ದೇ. ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ ಲೇಪಿಸಿದ ಬೀಜ ಇಲ್ಲಿಗೆ ಬೇಡ ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ, ಯಾಕಂದ್ರೆ ಆ ಔಷಧಿ ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತೆ, ಇವು ವಾಸ ಮಾಡೋದೂ ಅದೇ ಮಣ್ಣಿನಲ್ಲಿ.

ಪಕ್ಕದ ಹೊಲದ ಕಾಕಾ ಒಂದಿನ ನಿಂತು, "ತಮ್ಮಾ, ಬದುವಿನ್ಯಾಗ ಇಷ್ಟ್ ಕಸ ಯಾಕ ಬಿಟ್ಟೀದಿ?" ಅಂದರು. ಬಾಯಲ್ಲಿ ಹೇಳುವ ಬದಲು ಬದನೆ ಮಡಿಗೆ ಕರೆದುಕೊಂಡು ಹೋದೆ. ನೆಲದಲ್ಲೇ ಗೂಡು ಮಾಡುವ ನೀಲಿ ಪಟ್ಟೆಯ ಜೇನೊಂದು ಹೂವಿನ ನಡುವಿನ ಹಳದಿ ಕೇಸರಗಳನ್ನು ಕಾಲಲ್ಲಿ ತಬ್ಬಿ ಹಿಡಿದು, ರೆಕ್ಕೆ ಆಡಿಸದೆಯೇ ಮೈ ನಡುಗಿಸಿತು. ಗುಂಯ್ ಅಂತ ಸಣ್ಣ ಸದ್ದು, ಮರುಕ್ಷಣ ಅದರ ಹೊಟ್ಟೆಯೆಲ್ಲಾ ಪರಾಗದ ಪುಡಿ. ಬದನೆಯ ಪರಾಗ ಕೇಸರದ ತುದಿಯ ಸಣ್ಣ ತೂತಿನಿಂದ ಹೊರಬೀಳಬೇಕು, ಹೀಗೆ ನಡುಗಿಸಿದರೇನೇ ಅದು ಸರಿಯಾಗಿ ಉದುರೋದು. ಪೆಟ್ಟಿಗೆ ಜೇನಿಗೆ ಈ ವಿದ್ಯೆ ಬರಲ್ಲ. ತಂಗಡಿ ಹೂವಿನದ್ದೂ ಇದೇ ಕಥೆ. ಕಾಕಾ ಬಗ್ಗಿ ಕಿವಿ ಕೊಟ್ಟು, ಜೇನು ಇನ್ನೊಂದು ಹೂವಿಗೆ ಬರುವ ತನಕ ಅಲ್ಲೇ ನಿಂತರು.

ಇಳಿಜಾರಿನಲ್ಲಿ ಈಗ ಅಲ್ಲಲ್ಲಿ ಪೆನ್ಸಿಲ್ ತೂರುವಷ್ಟು ತೂತುಗಳು, ಪಕ್ಕದಲ್ಲಿ ಚಿಟಿಕೆಯಷ್ಟು ಹೊಸ ಮಣ್ಣು. ಪಕ್ಕದ ಎರೆ (ಕಪ್ಪು ಮಣ್ಣಿನ) ಹೊಲದ ಬದುವಿನಲ್ಲಿ ಅಷ್ಟಾಗಿ ಕಂಡಿಲ್ಲ, ಆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತೆ. ಸಂಜೆ ಒಣ ಹುಲ್ಲಿನ ಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು ಸಾಲಾಗಿ ಮಲಗಿರುತ್ತವಲ್ಲ, ಅವು ಈ ಜೇನುಗಳ ಗಂಡುಗಳು. ಹಾಗಾಗಿ ಒಣ ಕಡ್ಡಿಯನ್ನೂ ಕೀಳುತ್ತಿಲ್ಲ. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಮಾತ್ರ ಒಂದು ಕಳ್ಳ ಜೇನು. ಕಪ್ಪು ಮೈ, ಮೇಲೆ ನೀಲಿ ಚುಕ್ಕೆ. ಇದು ಗೂಡು ಕೊರೆಯಲ್ಲ, ನೀಲಿ ಪಟ್ಟೆಯದರ ಗೂಡಿಗೆ ನುಗ್ಗಿ ಮೊಟ್ಟೆ ಇಡುತ್ತೆ. ಇದು ಸುತ್ತುತ್ತಿದೆ ಅಂದ್ರೆ ಕದಿಯುವಷ್ಟು ಗೂಡುಗಳು ಹತ್ತಿರದಲ್ಲೇ ಇವೆ ಅಂತ ಅರ್ಥ.

ಮುಂದಿನದ್ದೇ ಕಷ್ಟದ ಕಾಲ. ತೊಗರಿ ಹೂವಿಗೆ ಬಂದರೆ ಕಾಯಿಕೊರಕದ ಕೀಡೆಯೂ ಬರುತ್ತೆ, ಹೊಡೆಯದೆ ವಿಧಿ ಇಲ್ಲ ಅನ್ನುವ ದಿನವೂ ಬರಬಹುದು. ಜೇನಿನ ಓಡಾಟ ನಿಂತ ಮೇಲೆ ಸಂಜೆಗೆ ಹೊಡೆದರೂ ಇವು ಮಲಗೋದು ಬದುವಿನಲ್ಲೇ ತಾನೇ? ಅದಕ್ಕೆ ಬದುವಿಗೆ ಹತ್ತಿರದ ತೊಗರಿ ಸಾಲುಗಳಿಗೆ ಔಷಧಿ ಬೇಡ, ಅಲ್ಲಿ ಮೋಹಕ ಬಲೆ (ವಾಸನೆಯಿಂದ ಗಂಡು ಪತಂಗಗಳನ್ನು ಸೆಳೆದು ಹಿಡಿಯುವ ಬಲೆ) ಕಟ್ಟಿ ಕೈಯಿಂದ ಕೀಡೆ ಉದುರಿಸೋಣ ಅಂತ ಮನೆಯಲ್ಲಿ ಮಾತಾಗಿದೆ. ಗುರೆಳ್ಳು ಮುಗಿಯುವಷ್ಟರಲ್ಲಿ ಕೊತ್ತಂಬರಿ, ಅಗಸೆ, ಕುಸುಬೆ ಬಿತ್ತಬೇಕು. ಬೀಜ ತಂದಿಟ್ಟಾಗಿದೆ.