ದೋಹಾದ ಕಂಬಿಗೆ ಹಾಸನದ ಬಟ್ಟೆ

2016ರ ಅಕ್ಟೋಬರ್ 19ರ ರಾತ್ರಿ ಕಂಠೀರವ ಕ್ರೀಡಾಂಗಣದಿಂದ ಮೆಜೆಸ್ಟಿಕ್‌ಗೆ ಬರುವಷ್ಟರಲ್ಲಿ ನಮ್ಮ ನಾಲ್ವರಿಗೂ ಗಂಟಲು ಕಟ್ಟಿಹೋಗಿತ್ತು. ಮಲೇಷ್ಯಾದ ಜೊಹೊರ್ ತಂಡವನ್ನು ಬೆಂಗಳೂರು ಎಫ್‌ಸಿ 3–1ರಲ್ಲಿ ಸೋಲಿಸಿ ಏಷ್ಯಾದ ಫುಟ್‌ಬಾಲ್ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ಲಿಗೆ ಹೋಗಿತ್ತು. ಮೊದಲ ಗೋಲು ಅವರದೇ. ಆಮೇಲೆ ಛೆಟ್ರಿ ಎರಡು ಹೊಡೆದರು, ಜುವಾನನ್ ಒಂದು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಆ ಫೈನಲ್ ಮುಟ್ಟಿರಲಿಲ್ಲ. ಫೈನಲ್ ಇದ್ದದ್ದು ಕತಾರಿನ ದೋಹಾದಲ್ಲಿ.

ಹಾಸನದ ಬಸ್ಸು ಕುಣಿಗಲ್ ದಾಟುತ್ತಿತ್ತು. ಹಿಂದಿನ ಸೀಟಿನಿಂದ ಸಕಲೇಶಪುರದ ಗೆಳೆಯ, "ದೋಹಾಕ್ಕೂ ಹೋಗಣ ಕಣ್ರೋ" ಅಂದ. ಪೀಟಿ ಮೇಷ್ಟ್ರು ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆವು. ಕಣ್ಣು ಬಿಡದೆಯೇ ಅವರು, "ಪಾಸ್‌ಪೋರ್ಟ್ ಯಾರ ಹತ್ರ ಇದೆ, ಕೈ ಎತ್ತಿ" ಅಂದರು, ಥೇಟ್ ಶಾಲೆಯ ಮೈದಾನದಲ್ಲಿ ಹುಡುಗರನ್ನು ಕೇಳುವ ಹಾಗೆ. ನಾನು, ಮೇಷ್ಟ್ರು, ಆಲೂಗಡ್ಡೆ ಮಂಡಿಯ ಅಣ್ಣ, ಮೂವರದೂ ಇತ್ತು. ಮಾತು ತೆಗೆದವನದೇ ಅವಧಿ ಮುಗಿದಿತ್ತು. ಫೈನಲ್ಲಿಗೆ ಉಳಿದದ್ದು 17 ದಿನ.

ಹಾಸನದವರಿಗೆ ಬೆಂಗಳೂರು ತಂಡದ ಹುಚ್ಚು ಯಾಕೆ ಅಂತ ಊರಲ್ಲಿ ಕೇಳುವವರಿದ್ದಾರೆ. ನಮ್ಮ ಕಡೆ ಹುಡುಗರು ಬ್ಯಾಟು ಹಿಡಿದೇ ಹುಟ್ಟುತ್ತಾರೆ. ಸಂಜೆ ಐದಕ್ಕೆ ಮೇಷ್ಟ್ರು ಮಣ್ಣಿನ ಮೈದಾನದಲ್ಲಿ ಕಲ್ಲಿಟ್ಟು ಗೋಲು ಗುರುತು ಮಾಡಿದರೆ ಬರುವವರು ಹತ್ತೋ ಹನ್ನೆರಡೋ ಹುಡುಗರು. ಆ ಹುಡುಗರಿಗೆ ದೊಡ್ಡ ಆಟ ಹೇಗಿರುತ್ತದೆ ಅಂತ ತೋರಿಸಲು ಅವರು ಬೆಂಗಳೂರಿಗೆ ಕರೆದುಕೊಂಡು ಹೋಗತೊಡಗಿದರು, ಹಾಗೇ ನಾವೂ ಜೊತೆಯಾದೆವು. ಕ್ಲಬ್ ಹುಟ್ಟಿದ್ದು 2013ರಲ್ಲಿ, ಮೊದಲ ವರ್ಷವೇ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಶ್ರವಣಬೆಳಗೊಳದ ದಾರಿಯ ರೈಲು ಆಗಿನ್ನೂ ಶುರುವಾಗಿರಲಿಲ್ಲ. ತವರಿನ ಪಂದ್ಯಕ್ಕೂ 180 ಕಿಲೋಮೀಟರಿಗೆ ಮೇಲ್ಪಟ್ಟು ಬಸ್ಸಿನಲ್ಲಿ ಹೋಗಿ, ರಾತ್ರಿ ಬಸ್ಸಿಗೇ ವಾಪಸ್ ಬರಬೇಕು. ಬೆಳಿಗ್ಗೆ ಒಂಬತ್ತೂವರೆಗೆ ಪ್ರಾರ್ಥನೆಯ ಹೊತ್ತಿಗೆ ಮೇಷ್ಟ್ರು ಸೀಟಿ ಹಿಡಿದು ಶಾಲೆಯಲ್ಲಿ ನಿಂತಿರುತ್ತಿದ್ದರು. ಒಂದು ದಿನವೂ ತಪ್ಪಿಸಿದವರಲ್ಲ.

ಸಕಲೇಶಪುರದ ಗೆಳೆಯ ಬೆಂಗಳೂರಿಗೆ ಓಡಾಡಿ ತತ್ಕಾಲ್‌ನಲ್ಲಿ ಪಾಸ್‌ಪೋರ್ಟ್ ಮಾಡಿಸಿಕೊಂಡ. ಕತಾರಿಗೆ ಆಗ ಭಾರತದವರು ವೀಸಾ ಮೊದಲೇ ಮಾಡಿಸಬೇಕಿತ್ತು (ಹಾಗೇ ಹೋಗಿ ಇಳಿಯುವ ಅನುಕೂಲ ಬಂದದ್ದು 2017ರ ಆಗಸ್ಟ್‌ನಲ್ಲಿ). ನಮ್ಮ ಮೂವರ ಕಾಗದ ಬಂತು. ತಡವಾಗಿ ಕೊಟ್ಟ ಅವನದು ಬರಲಿಲ್ಲ. "ನಾಳೆ ಗ್ಯಾರಂಟಿ" ಅಂತ ಏಜೆಂಟ್ ನಾಲ್ಕು ದಿನ ಹೇಳಿದ. ಹೊರಡುವ ದಿನವೂ ಆಸೆ ಬಿಡದೆ ಗೆಳೆಯ ಬ್ಯಾಗು ತುಂಬಿಕೊಂಡು ದೇವನಹಳ್ಳಿಯವರೆಗೆ ಬಂದ. ಬಾಗಿಲ ಹತ್ತಿರ ನಿಂತು ಫೋನ್ ಮಾಡಿದ, ಮತ್ತೆ ಮಾಡಿದ. ಕೊನೆಗೆ ಬ್ಯಾಗಿನ ಜಿಪ್ ಎಳೆದು ನೀಲಿ ಬಟ್ಟೆಯ ಮಡಿಕೆ ತೆಗೆದು ನನ್ನ ಕೈಗಿಟ್ಟ. ಹಾಸನದ ದರ್ಜಿಯೊಬ್ಬರ ಹತ್ತಿರ ಅವನೇ ಹೊಲಿಸಿದ ಬ್ಯಾನರ್ ಅದು. ಮೂರು ಮೀಟರ್ ಉದ್ದ, ಬಿಳಿ ಬಟ್ಟೆಯಲ್ಲಿ ಕತ್ತರಿಸಿ ಹೊಲಿದ ಮೂರೇ ಅಕ್ಷರ: ಹಾಸನ. "ಟಿವೀಲಿ ಕಾಣೋ ಜಾಗದಲ್ಲಿ ಕಟ್ರೋ" ಅಂದು ಏರ್‌ಪೋರ್ಟ್ ಬಸ್ಸು ಹತ್ತಿದ. ಮಂಡಿಯ ಅಣ್ಣ ಒರಟು ಮನುಷ್ಯ. ವಿಮಾನ ಏರುವವರೆಗೂ ಅವರು ಮಾತಾಡಲಿಲ್ಲ.

ವಿಮಾನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ನಾಲ್ಕು ತಾಸು ಚಿಲ್ಲರೆ ಹಾರಿದ ಮೇಲೆ ಗಡಿಯಾರ ಎರಡೂವರೆ ತಾಸು ಹಿಂದೆ ತಿರುಗಿಸಿಕೊಂಡು ಹಮದ್ ವಿಮಾನ ನಿಲ್ದಾಣದಲ್ಲಿ ಇಳಿದೆವು. ನಿಲ್ದಾಣದೊಳಗೆ ಮನೆಯಷ್ಟು ದೊಡ್ಡ ಹಳದಿ ಕರಡಿ ಬೊಂಬೆ ಕೂತಿದೆ, ತಲೆಯ ಮೇಲೊಂದು ದೀಪ. ಉಳಿದುಕೊಂಡದ್ದು ನಜ್ಮಾ ಬಡಾವಣೆಯ ಸಣ್ಣ ಹೋಟೆಲಿನಲ್ಲಿ. ರಿಯಾಲಿಗೆ 18 ರೂಪಾಯಿ ಚಿಲ್ಲರೆ ಲೆಕ್ಕ ಹಾಕಿಕೊಂಡು, ಮನೆಯಿಂದ ಕಟ್ಟಿಸಿಕೊಂಡು ಹೋದ ಪುಳಿಯೋಗರೆ ಗೊಜ್ಜಿಗೆ ಹೊರಗಿನಿಂದ ಅನ್ನ ಮಾತ್ರ ತಂದುಕೊಂಡೆವು. ಆಗ ಒಂದು ರಿಯಾಲಿಗೆ ಸಿಗುತ್ತಿದ್ದ ಕರಕ್ ಚಹಾ ಏಲಕ್ಕಿ ಹಾಕಿ ಕುದಿಸಿ ಕುದಿಸಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹಾಸನದ ಕಾಫಿ ಕುಡಿದು ಬೆಳೆದ ನಾಲಗೆಗೂ ಅದು ಹಿಡಿಸಿತು.

ಶುಕ್ರವಾರ ಅಲ್ಲಿ ವಾರದ ರಜೆ. ಸಂಜೆ ಸಮುದ್ರದ ದಂಡೆಯ ಕಾರ್ನಿಷ್‌ಗೆ ಹೋದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ನಮ್ಮವರೇ ಸಾಲುಸಾಲಾಗಿ ಕಟ್ಟೆಯ ಮೇಲೆ ಕೂತಿದ್ದರು. ಮಲಯಾಳಿಗಳು, ನೇಪಾಳಿಗಳು, ತೆಲುಗರು, ನಮ್ಮ ಕರಾವಳಿಯವರು. ಎಲ್ಲರ ಕಿವಿಗೂ ಫೋನು, ಅದರಲ್ಲಿ ಊರು. ಎದುರಿಗೆ ನೀರಿನಾಚೆ ಗಾಜಿನ ಗೋಪುರಗಳು. ಅವನ್ನು ಕಟ್ಟಿದವರು ಇಂಥವರೇ ಅಲ್ಲವೇ ಅನ್ನಿಸಿ ನನಗೆ ಆ ಗೋಪುರಗಳ ಫೋಟೋ ತೆಗೆಯಲು ಮನಸ್ಸಾಗಲಿಲ್ಲ.

ನವೆಂಬರ್ 5, ಶನಿವಾರ. ಸುಹೇಮ್ ಬಿನ್ ಹಮದ್ ಕ್ರೀಡಾಂಗಣ. ಬಾಗಿಲಲ್ಲಿ ಕಾವಲಿನವನು ಬ್ಯಾನರ್ ಬಿಚ್ಚಿಸಿ, ಹಿಂದೆ ಮುಂದೆ ನೋಡಿ, ಕೋಲು ಕಡ್ಡಿ ಏನಾದರೂ ಇದೆಯಾ ಅಂತ ಅಂಚು ತಡವಿದ. ಅಕ್ಷರಗಳ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿದ. ಮೇಷ್ಟ್ರು ಎದೆ ಮುಟ್ಟಿಕೊಂಡು "ಮೈ ವಿಲೇಜ್" ಅಂದರು. ಹಾಸನ ಹಳ್ಳಿಯಲ್ಲ, ಜಿಲ್ಲಾ ಕೇಂದ್ರ. ಆದರೆ ಆ ಮಾತು ಅವನಿಗೆ ನಾಟಿತು. ತಾನೇ ಮಡಿಚಿ ವಾಪಸ್ ಕೊಟ್ಟ.

ಓಟದ ಟ್ರ್ಯಾಕ್ ಇರುವ ಕ್ರೀಡಾಂಗಣವಾದ್ದರಿಂದ ಆಟದ ಹುಲ್ಲು ಕುರ್ಚಿಗಳಿಂದ ದೂರ. (2025ರ ಮೇ 16ರಂದು ನೀರಜ್ ಚೋಪ್ರಾ 90.23 ಮೀಟರ್ ಜಾವೆಲಿನ್ ಎಸೆದದ್ದು ಇದೇ ಮೈದಾನದಲ್ಲಿ. ಆ ರಾತ್ರಿ ಟಿವಿಯಲ್ಲಿ ನಾನು ನಾವು ಕೂತಿದ್ದ ಮೂಲೆಯನ್ನು ಹುಡುಕುತ್ತಿದ್ದೆ.) ಮಂಡಿಯ ಅಣ್ಣ ಜೇಬಿನಿಂದ ಗೋಣಿಚೀಲ ಹೊಲಿಯುವ ಹುರಿ ತೆಗೆದರು. ಆಲೂಗಡ್ಡೆ ಮೂಟೆಯ ಬಾಯಿಗೆ ಹಾಕುವ ಅದೇ ಗಂಟು ಹಾಕಿ, ಮೂಲೆಯ ಬಾವುಟದ ಹಿಂದಿನ ಕಂಬಿಗೆ ಬ್ಯಾನರ್ ಬಿಗಿದರು. ಬೆಂಗಳೂರಿನಿಂದ ಬಂದ, ಕ್ಲಬ್ಬಿನ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನವರು ಆಗಲೇ ಕೂಗು ಹಾಕುತ್ತಿದ್ದರು. ಅವರ ಜೊತೆ ದನಿ ಸೇರಿಸಿದೆವು.

ಪಂದ್ಯ ಶುರುವಾಗಲು ಹತ್ತು ನಿಮಿಷವಿರಬೇಕು, ದೂರದ ಬ್ಲಾಕಿನಿಂದ ಒಬ್ಬ ಕುರ್ಚಿಗಳ ಸಾಲು ಹಾದು ಹಾದು ನಮ್ಮ ಕಡೆಗೇ ಬಂದ. ಮೂವತ್ತರ ವಯಸ್ಸು, ಬಿಸಿಲಿಗೆ ಕಪ್ಪಾದ ಮುಖ. ಬಂದವನು ನಮ್ಮನ್ನು ನೋಡಲೇ ಇಲ್ಲ. ಬಗ್ಗಿ ಬಟ್ಟೆಯ ಮೇಲಿನ 'ಹಾ' ಅಕ್ಷರವನ್ನು ಅಂಗೈಯಿಂದ ಸವರಿದ.

"ಹಾಸನದವ್ರಾ ಅಣ್ಣ? ನಂದು ಅರಸೀಕೆರೆ ಹತ್ರ."

ನೀರಿನ ಟ್ಯಾಂಕರ್ ಓಡಿಸುತ್ತಾನಂತೆ, ಊರಿಗೆ ಹೋಗಿ ಎರಡು ವರ್ಷ ದಾಟಿತ್ತಂತೆ. ಫುಟ್‌ಬಾಲ್ ಅವನಿಗೆ ಗೊತ್ತಿಲ್ಲ, ಕೋಣೆಯ ಮಲಯಾಳಿ ಗೆಳೆಯರು ನಿಮ್ಮ ಬೆಂಗಳೂರು ಆಡುತ್ತೆ ಬಾ ಅಂದದ್ದಕ್ಕೆ ಬಂದವನು. ಮಳೆ ಹೇಗಾಯ್ತು, ರಾಗಿ ಹೇಗಿದೆ ಅಂತ ಕೇಳಿದ. ಆ ವರ್ಷ ನಮ್ಮ ಕಡೆ ಮಳೆ ಕೈಕೊಟ್ಟಿತ್ತು, ಸುಳ್ಳು ಹೇಳಲಾಗಲಿಲ್ಲ. ಆಮೇಲೆ ದನಿ ತಗ್ಗಿಸಿ, "ಈ ಸಲ ಅಮ್ಮನ ದರ್ಶನ ಆಯ್ತಾ?" ಅಂದ. ಹಾಸನದವರಿಗೆ ಯಾವ ಅಮ್ಮ ಅಂತ ಬಿಡಿಸಿ ಹೇಳಬೇಕಿಲ್ಲ. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ಕೆಲವೇ ದಿನ ತೆರೆಯುತ್ತದೆ. ಆ ಸಲದ ಬಾಗಿಲು ಮುಚ್ಚಿ ವಾರವೂ ಆಗಿರಲಿಲ್ಲ. ನನ್ನ ಪರ್ಸಿನಲ್ಲಿ ಕಾಗದದ ಪೊಟ್ಟಣದಲ್ಲಿ ಕುಂಕುಮ ಇತ್ತು, ತೆಗೆದುಕೊಟ್ಟೆ. ಚಪ್ಪಲಿ ಕಳಚಿ, ಸಿಮೆಂಟಿನ ಮೆಟ್ಟಿಲ ಮೇಲೆ ಬರಿಗಾಲಲ್ಲಿ ನಿಂತು ಹಣೆಗಿಟ್ಟುಕೊಂಡ. ಉಳಿದದ್ದನ್ನು ಮಡಿಚಿ ಕೊಡಲು ಬಂದಾಗ ಮೇಷ್ಟ್ರು, "ಇಟ್ಕೋ ಮಗಾ" ಅಂದರು.

ಎದುರಾಳಿ ಇರಾಕಿನ ಏರ್‌ಫೋರ್ಸ್ ಕ್ಲಬ್, ಅರಬ್ಬಿಯಲ್ಲಿ ಅಲ್ ಕುವ್ವಾ ಅಲ್ ಜವಿಯಾ. 1931ರಲ್ಲಿ ಹುಟ್ಟಿದ ಹಳೆಯ ತಂಡ. ಭದ್ರತೆಯ ಕಾರಣಕ್ಕೆ ಆಗ ಇರಾಕಿನಲ್ಲಿ ಇಂಥ ಪಂದ್ಯ ಆಡಿಸುತ್ತಿರಲಿಲ್ಲ. ತವರಿನ ಪಂದ್ಯಗಳನ್ನೂ ಅವರು ಕತಾರಿನಲ್ಲೇ ಆಡಿ ಫೈನಲ್ಲಿಗೆ ಬಂದಿದ್ದರು. ನಮಗೆ ತವರಿನ ಮೈದಾನ ಒಂದು ಬಸ್ಸಿನಷ್ಟು ದೂರ, ಅವರಿಗೆ ಬಸ್ಸೇ ಇಲ್ಲ.

ಹಳದಿ ಕಾರ್ಡುಗಳ ಲೆಕ್ಕದಲ್ಲಿ ನಮ್ಮ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಹೊರಗುಳಿದಿದ್ದರು. ಅವರ ಜಾಗಕ್ಕೆ ಬಂದವರು ಲಾಲ್‌ತುವಾಮಾವಿಯಾ ರಾಲ್ಟೆ. ಆ ರಾತ್ರಿ ರಾಲ್ಟೆ ಆಡಿದ ಆಟ ನನ್ನ ಕಣ್ಣಿಗೆ ಕಟ್ಟಿದೆ. ಇರಾಕಿನವರು ಒತ್ತಿ ಒತ್ತಿ ಬರುತ್ತಿದ್ದರು, ರಾಲ್ಟೆ ಹಾರಿ ಬಿದ್ದು ತಡೆಯುತ್ತಲೇ ಇದ್ದರು. ಅರಸೀಕೆರೆಯವನು ಮೇಷ್ಟ್ರನ್ನು ಆಫ್‌ಸೈಡ್ ಅಂದರೇನು ಅಂತ ಕೇಳಿದ. ಮೇಷ್ಟ್ರು ಕಣ್ಣು ಮೈದಾನದ ಮೇಲಿಟ್ಟೇ ಮೂರು ಕಡಲೆಬೀಜ ಕಂಬಿಯ ಮೇಲೆ ಜೋಡಿಸಿ ತೋರಿಸಿದರು. ವಿರಾಮದಲ್ಲಿ ನನ್ನ ಫೋನು ಗುಂಯ್ಗುಟ್ಟಿತು. ಸಕಲೇಶಪುರ. "ಕಂಡ್ತು ಕಣೋ! ಕಾರ್ನರ್ ಹೊಡಿಯೋವಾಗ ಕಂಡ್ತು! ಅವ್ವನೂ ನೋಡಿದ್ಲು!" ಆ ಸದ್ದಿನಲ್ಲಿ ನಾನು ಏನು ಉತ್ತರ ಕೊಟ್ಟೆನೋ ಗೊತ್ತಿಲ್ಲ.

ಎಪ್ಪತ್ತು ನಿಮಿಷ ತಡೆದೆವು. ಆಮೇಲೆ ಅಮ್ಜದ್ ರಾಧಿ ಚೆಂಡು ಕೊಂಡೊಯ್ದು ಅಡ್ಡಕ್ಕೆ ಕೊಟ್ಟರು, ಹಮ್ಮಾದಿ ಅಹ್ಮದ್ ಒಳಗೆ ನೂಕಿದರು. ಆ ಟೂರ್ನಿಯಲ್ಲಿ ಅದು ಹಮ್ಮಾದಿಯ 16ನೇ ಗೋಲು. ನಮ್ಮ ಕಡೆ ಒಂದು ಗಳಿಗೆ ಸದ್ದಡಗಿತು. ಮತ್ತೆ ಕೂಗಿದೆವು, ಕೊನೆಯ ಸೀಟಿಯವರೆಗೂ ಕೂಗಿದೆವು. ಗೋಲು ಬರಲಿಲ್ಲ. ಸೀಟಿಯಾದ ಮೇಲೆ ನಮ್ಮ ಆಟಗಾರರು ಹುಲ್ಲಿನ ಮೇಲೆ ಕೂತುಬಿಟ್ಟರು. ಮಂಡಿಯ ಅಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವಂತೆ ಮಾಡಿ ಅತ್ತರು. ನಾನು ಬಹಿರಂಗವಾಗಿಯೇ ಅತ್ತೆ.

ಹೊರಗೆ ಬರುವಾಗ ಹಸಿರು ಬಿಳಿ ಕೆಂಪು ಕಪ್ಪು ಬಾವುಟ ಹೊದ್ದ ಇರಾಕಿ ಮುದುಕರೊಬ್ಬರು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. ಗೆದ್ದವರು, ಆದರೂ ಗಡ್ಡ ತೋಯುವಷ್ಟು ಅಳು. ಉದ್ದಕ್ಕೆ ಏನೋ ಹೇಳಿದರು. ನಮಗೆ ತಿಳಿದದ್ದು ಬಾಗ್ದಾದ್ ಅನ್ನುವ ಒಂದೇ ಪದ. ಮೇಷ್ಟ್ರು ಕನ್ನಡದಲ್ಲೇ, "ನಿಮ್ಮೂರಲ್ಲೇ ಆಡೋ ದಿನ ಬರ್ಲಿ ಯಜಮಾನ್ರೇ" ಅಂದರು. ಆ ಮುದುಕರು ತಲೆಯಾಡಿಸಿದರು.

ಬ್ಯಾನರ್ ಬಿಚ್ಚಿದವನು ಅರಸೀಕೆರೆಯವನು. ಹುರಿಯನ್ನು ಹಲ್ಲಿನಲ್ಲಿ ಕತ್ತರಿಸಲು ಹೋದ ನನ್ನನ್ನು ತಡೆದು, ಒಂದೊಂದೇ ಗಂಟನ್ನು ಉಗುರಿನಲ್ಲಿ ಸಡಿಲಿಸಿ, ಬಟ್ಟೆ ಕೊಡವಿ, ಸೀರೆ ಮಡಿಚಿದ ಹಾಗೆ ಮಡಿಚಿ ಕೊಟ್ಟ. ಬೆಳಗಿನ ಜಾವ ನಾಲ್ಕಕ್ಕೆ ಅವನ ಪಾಳಿ. ಮೇಷ್ಟ್ರ ಕಾಲು ಮುಟ್ಟಿ ಹೊರಟ.

ಊರಿಗೆ ಬಂದು, ಹೋಟೆಲು ಊಟಕ್ಕೆಂದು ಒಟ್ಟು ಹಾಕಿದ್ದರಲ್ಲಿ ಸಕಲೇಶಪುರದವನ ಪಾಲನ್ನು ವಾಪಸ್ ಕೊಟ್ಟದ್ದು ನವೆಂಬರ್ 8ರ ಸಂಜೆ, ಎಲ್ಲ 500ರ ನೋಟುಗಳಲ್ಲಿ. ಅದೇ ರಾತ್ರಿ ಆ ನೋಟುಗಳು ರದ್ದಾದವು. 10ನೇ ತಾರೀಕು ಬ್ಯಾಂಕು ತೆರೆದಾಗ ಒಬ್ಬೊಬ್ಬರಿಗೆ 4,000 ರೂಪಾಯಿ ಬದಲಿಸಿಕೊಡುತ್ತಾರೆ ಅಂದರು. ಇಬ್ಬರೂ ಸಾಲಿನಲ್ಲಿ ನಿಂತೆವು. ಸಾಲು ಬೀದಿಯ ತಿರುವಿನವರೆಗೆ ಹೋಗಿತ್ತು. ಅವನ ಕಂಕುಳಲ್ಲಿ ನೀಲಿ ಬಟ್ಟೆಯ ಮಡಿಕೆ. ನಾನು ರಾಲ್ಟೆಯ ಮೊದಲ ತಡೆಯಿಂದ ಶುರುಮಾಡಿದೆ.

"ಅಲ್ಲಿಂದ ಬೇಡ," ಅಂದ. "ನಾನು ದೇವನಹಳ್ಳೀಲಿ ಬಸ್ ಹತ್ತಿದ್ನಲ್ಲ, ಅಲ್ಲಿಂದ ಹೇಳು."