ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ: ಎಷ್ಟು ದೂರ, ನಿಜಕ್ಕೂ ಎಷ್ಟು ಹೊತ್ತು?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000 ಕಿ.ಮೀ. ವಿಮಾನದ ವೇಗ ಗಂಟೆಗೆ 900, ಹಾಗಾದರೆ ಹದಿನೈದೂವರೆ ಗಂಟೆ ಎಂದು ಲೆಕ್ಕ ಹಾಕಿ ಅಪ್ಪ-ಅಮ್ಮನಿಗೆ ಟಿಕೆಟ್ ಮಾಡಿಸುವವರು ಬಹಳ ಮಂದಿ. ಆ 14,000 ಗೋಳದ ಮೇಲೆ ದಾರ ಎಳೆದು ಅಳೆದ ದೂರ. ದುಬೈ ಮೂಲಕ ಹೋದರೆ 2,700 ಮತ್ತು 13,000, ಅಂದರೆ ನಾಲ್ಕು ಗಂಟೆ, ಆಮೇಲೆ ಹೆಚ್ಚುಕಡಿಮೆ ಹದಿನಾರು. ಫ್ರಾಂಕ್‌ಫರ್ಟ್ ಮೂಲಕವಾದರೆ 7,400 ಮತ್ತು 9,150: ಹತ್ತು ಗಂಟೆ, ಆಮೇಲೆ ಹನ್ನೊಂದೂವರೆ. ಅರವತ್ತು ದಾಟಿದವರಿಗೆ ಎರಡನೆಯದೇ ವಾಸಿ. ಒಟ್ಟು ಹೊತ್ತು ಒಂದಿಷ್ಟು ಹೆಚ್ಚಾದರೂ ಸರಿ, ಹದಿನಾರು ಗಂಟೆ ಒಂದೇ ಸೀಟಿನಲ್ಲಿ ಕೂತರೆ ಕಾಲು ಊದುತ್ತದೆ. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ 30 ಗಂಟೆ ಎಂದೇ ಇಟ್ಟುಕೊಳ್ಳಿ.

ಹೆಚ್ಚು ಜನ ಎಡವುವುದು ತಾರೀಕಿನಲ್ಲಿ. ಕೊಲ್ಲಿ ದೇಶಗಳ ಕಡೆಯ ಹಲವು ವಿಮಾನಗಳು ಬೆಳಗಿನ ಜಾವ ಹೊರಡುತ್ತವೆ. ಟಿಕೆಟ್‌ನಲ್ಲಿ ಭಾನುವಾರ 04:30 ಎಂದಿದ್ದರೆ ಶನಿವಾರ ರಾತ್ರಿಯೇ ಮನೆ ಬಿಡಬೇಕು. ಭಾನುವಾರ ರಾತ್ರಿ ಸೂಟ್‌ಕೇಸ್ ಹಿಡಿದು ಬಂದರೆ ವಿಮಾನ ಹೋಗಿ ಇಡೀ ದಿನವಾಗಿರುತ್ತದೆ. ಕ್ಯಾಲಿಫೋರ್ನಿಯಾ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಹಾಗಾಗಿ ಭಾನುವಾರ ನಸುಕಿನಲ್ಲಿ ಹೊರಟವರು ಅಲ್ಲಿಯ ಭಾನುವಾರ ಮಧ್ಯಾಹ್ನವೇ ಇಳಿಯುತ್ತಾರೆ. ವಾಪಸ್ ಬರುವಾಗ ಉಲ್ಟಾ: ಭಾನುವಾರ ಸಂಜೆ ಹತ್ತಿದರೆ ಇಲ್ಲಿ ಮಂಗಳವಾರ. ಆಫೀಸಿಗೆ ರಜೆ ಬರೆಯುವಾಗ ಇದನ್ನು ಮರೆಯಬೇಡಿ.

ಸಿಂಗಪುರದ ದಾರಿಯಲ್ಲಿ ಹೋಗುವ, ಬರುವ ಹೊತ್ತು ಬೇರೆಬೇರೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಹೋಗುವಾಗ ಹಿಂದಿನಿಂದ ತಳ್ಳುತ್ತದೆ, ಬರುವಾಗ ಎದುರಾಗುತ್ತದೆ. ಚಳಿಗಾಲದಲ್ಲಿ ಆ ಗಾಳಿಯ ಜೋರು ಇನ್ನೂ ಹೆಚ್ಚು.

ಎಲ್ಲಕ್ಕಿಂತ ಅಗ್ಗವಾಗಿ ಕಾಣುವ ಟಿಕೆಟ್ ಬಗ್ಗೆ ಎಚ್ಚರ. ಎರಡು ಕಂಪನಿಗಳ ಟಿಕೆಟ್‌ಗಳನ್ನು ಒಟ್ಟು ಸೇರಿಸಿ ಮಾರಿರುತ್ತಾರೆ, ಪಿಎನ್‌ಆರ್ ಮಾತ್ರ ಎರಡು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಲಗೇಜ್ ಕೊನೆಯವರೆಗೆ ಹೋಗದಿದ್ದರೆ ನಡುವಿನ ಊರಿನಲ್ಲಿ ನೀವೇ ಹೊರಗೆ ಬಂದು ಎತ್ತಿಕೊಳ್ಳಬೇಕು, ಅದಕ್ಕೆ ಆ ದೇಶದ ವೀಸಾ ಬೇಕಾದೀತು. ದುಡ್ಡು ಕಟ್ಟುವ ಮುಂಚೆ ಪಿಎನ್‌ಆರ್ ಒಂದೇ ತಾನೇ ಎಂದು ಕೇಳಿ. ನ್ಯೂಯಾರ್ಕ್, ಶಿಕಾಗೊದಂಥ ಕಡೆ ವಿಮಾನ ಬದಲಿಸುವುದಿದ್ದರೆ ಇಮಿಗ್ರೇಷನ್ ಅಲ್ಲೇ ಮುಗಿಸಿ, ಲಗೇಜ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ ಮತ್ತೆ ಒಪ್ಪಿಸಬೇಕು. ತೊಂಬತ್ತು ನಿಮಿಷ ಇದಕ್ಕೆ ಸಾಲದು, ಮೂರು ಗಂಟೆ ಇರಲಿ.

ಕರಿಬೇವು, ಹಣ್ಣು ಒಯ್ಯಬೇಡಿ; ಅಲ್ಲಿ ಬಿಡುವುದಿಲ್ಲ. ಹುಳಿಪುಡಿ, ಚಟ್ನಿಪುಡಿ ದೊಡ್ಡ ಸೂಟ್‌ಕೇಸಿಗೇ ಹಾಕಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿ.ಲೀ. ಮೀರಿದ ಪುಡಿ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತಡೆಯುತ್ತಾರೆ, ಅಲ್ಲೇ ಬಿಟ್ಟು ಹೋಗಬೇಕಾಗಲೂಬಹುದು.

ಇಳಿದ ಮೇಲೆ ಟ್ಯಾಕ್ಸಿಗೆ ಮುಗಿಬೀಳಬೇಕಿಲ್ಲ. ಬಾರ್ಟ್ ರೈಲಿನ ನಿಲ್ದಾಣ ಇಂಟರ್‌ನ್ಯಾಷನಲ್ ಟರ್ಮಿನಲ್‌ಗೇ ಅಂಟಿಕೊಂಡಿದೆ. ಅರ್ಧ ಗಂಟೆಯಲ್ಲಿ ಊರ ನಡುವೆ ಇರುತ್ತೀರಿ, ಟ್ಯಾಕ್ಸಿಯ ಮುಂದೆ ಖರ್ಚು ಏನೇನೂ ಅಲ್ಲ. ಎರಡು ಸೂಟ್‌ಕೇಸ್ ಇದ್ದರೂ ಲಿಫ್ಟ್ ಇದೆ. ಸನ್ನಿವೇಲ್, ಸ್ಯಾನ್ ಹೊಸೆ ಕಡೆಯವರು ಬಾರ್ಟ್‌ನಲ್ಲೇ ಮಿಲ್‌ಬ್ರೇಗೆ ಹೋಗಿ ಅಲ್ಲಿ ಕ್ಯಾಲ್‌ಟ್ರೈನ್ ಹಿಡಿಯಿರಿ.