ನೆರಳಿಲ್ಲದ ಮಧ್ಯಾಹ್ನ ಅಳೆದ ಮನೆ

ರಾಯಚೂರು ಜಿಲ್ಲೆಯ ದೇವದುರ್ಗ ಮತ್ತು ಲಿಂಗಸುಗೂರು ತಾಲ್ಲೂಕುಗಳಲ್ಲಿ ಮನೆಗಳಿಗೆ ಸೋಲಾರ್ ಪ್ಯಾನೆಲ್ ಕೂರಿಸಿ ಬ್ಯಾಟರಿ ಜೋಡಿಸುವ ಕೆಲಸವನ್ನು ನಾನು ಹನ್ನೊಂದು ವರ್ಷಗಳಿಂದ ಮಾಡುತ್ತಿದ್ದೇನೆ. ಇದರಲ್ಲಿ ಹೆಚ್ಚಿನ ಪಾಲು ಊರೊಳಗಿನ ಮನೆಗಳದ್ದಲ್ಲ, ದೊಡ್ಡಿಗಳದು. ಊರಿನಿಂದ ಎರಡು ಮೂರು ಕಿಲೋಮೀಟರ್ ಆಚೆ, ತಮ್ಮ ಹೊಲದಲ್ಲಿಯೇ ಮನೆ ಕಟ್ಟಿಕೊಂಡು ಕುರಿ, ಎತ್ತು, ಮಕ್ಕಳೊಂದಿಗೆ ಬಾಳುವ ಕುಟುಂಬಗಳ ನೆಲೆಗೆ ನಮ್ಮ ಕಡೆ ದೊಡ್ಡಿ ಎನ್ನುತ್ತಾರೆ. ಹಳ್ಳಿಯ ಮನೆಗಳಿಗೆ ಹೋಗುವ ಲೈನನ್ನು ಪಂಪ್‌ಸೆಟ್ಟಿನ ಲೈನಿನಿಂದ ಬೇರ್ಪಡಿಸಿದ ಮೇಲೆ ಊರಿಗೆ ಅನುಕೂಲವಾಯಿತು. ಪಂಪ್‌ಸೆಟ್ಟಿನ ಲೈನನ್ನೇ ನೆಚ್ಚಿದ ದೊಡ್ಡಿಗಳು ಮೊದಲಿದ್ದಲ್ಲಿಯೇ ಉಳಿದವು, ಯಾವ ಲೈನೂ ಮುಟ್ಟದ ಒಂಟಿ ಮನೆಗಳಂತೂ ಸೋಲಾರಿನವರ ದಾರಿಯನ್ನೇ ಕಾಯುತ್ತಿದ್ದವು. ಅಂಥ ಒಂದು ಮನೆಯಲ್ಲಿ ನಾವು ಮಾಡಿದ ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ತಪ್ಪು ಸಾಮಾನಿನದ್ದಾಗಿರಲಿಲ್ಲ, ಕೈಕೆಲಸದ್ದೂ ಆಗಿರಲಿಲ್ಲ; ಮೊದಲ ದಿನ ಅಳತೆಗೆಂದು ಹೋದಾಗ ನಾವು ತುಂಬಿಕೊಂಡು ಬಂದ ಒಂದು ಹಾಳೆಯಲ್ಲಿತ್ತು.

ಆ ಮನೆಗೆ ಅಳತೆಗೆ ಹೋದದ್ದು 2018ರ ಮೇ ತಿಂಗಳ ಮೊದಲ ವಾರದಲ್ಲಿ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ಹಳೆಯ ಮಣ್ಣಿನ ಮಾಳಿಗೆ ಮನೆ, ಅದಕ್ಕೆ ಅಂಟಿಕೊಂಡಂತೆ ಹೊಸದಾಗಿ ಕಟ್ಟಿದ ಒಂದು ಆರ್‌ಸಿಸಿ ಕೋಣೆ, ಪಕ್ಕದಲ್ಲಿ ತಗಡಿನ ಇಳಿಜಾರು, ನೈಋತ್ಯಕ್ಕೆ ದೊಡ್ಡದೊಂದು ಬೇವಿನ ಮರ. ಮಣ್ಣಿನ ಮಾಳಿಗೆಗೆ ರಂಧ್ರ ಕೊರೆದರೆ ಮಳೆಗಾಲದಲ್ಲಿ ಸೋರುವುದು ಖಚಿತವಾದ್ದರಿಂದ ಪ್ಯಾನೆಲ್‌ಗಳಿಗೆ ಆರ್‌ಸಿಸಿ ಕೋಣೆಯ ಮೇಲ್ಭಾಗವನ್ನೇ ಗೊತ್ತುಮಾಡಿದೆವು. ನಾನು ಮೇಲೆ ಹತ್ತಿ ಸುತ್ತ ನೋಡಿದೆ, ಎಲ್ಲಿಯೂ ನೆರಳಿರಲಿಲ್ಲ. ಇರುವುದಾದರೂ ಹೇಗೆ? ರಾಯಚೂರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ಮೊದಲರ್ಧದಲ್ಲಿ ಇನ್ನೊಮ್ಮೆ ಇಲ್ಲಿ ಸೂರ್ಯ ನಟ್ಟ ನಡುನೆತ್ತಿಗೆ ಬರುತ್ತಾನೆ. ಆ ದಿನ ಹನ್ನೆರಡೂ ಕಾಲಿನ ಹೊತ್ತಿಗೆ ನೆಟ್ಟ ಕೋಲಿಗೂ ನೆರಳಿರುವುದಿಲ್ಲ. ವರ್ಷದಲ್ಲಿ ನೆರಳು ಅಳೆಯಲು ಇದಕ್ಕಿಂತ ಕೆಟ್ಟ ದಿನವನ್ನು ಹುಡುಕಿದರೂ ಸಿಗದು. ನಾನು ಮಾತ್ರ ಹಾಳೆಯಲ್ಲಿ ‘ನೆರಳು: ಇಲ್ಲ’ ಎಂದು ಬರೆದು ಕೆಳಗಿಳಿದೆ.

ಕೆಳಗೆ ಮನೆಯ ಯಜಮಾನರನ್ನು ಕೂರಿಸಿಕೊಂಡು ಲೋಡಿನ ಲೆಕ್ಕ, ಅಂದರೆ ಮನೆಗೆ ದಿನಕ್ಕೆ ಎಷ್ಟು ಕರೆಂಟು ಬೇಕೆಂಬ ಲೆಕ್ಕ ಬರೆದೆವು. 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು ದಿನಕ್ಕೆ 5 ಗಂಟೆ ಉರಿದರೆ 180 ವ್ಯಾಟ್-ಅವರ್ (ವ್ಯಾಟನ್ನು ಗಂಟೆಯಿಂದ ಗುಣಿಸಿದ್ದು; ಮುಂದಿನ ಲೆಕ್ಕವೆಲ್ಲ ಇದರಲ್ಲಿಯೇ), 75 ವ್ಯಾಟಿನ ಒಂದು ಫ್ಯಾನು 8 ಗಂಟೆ ತಿರುಗಿದರೆ 600, 60 ವ್ಯಾಟಿನ ಟಿವಿ 3 ಗಂಟೆಗೆ 180, ಮೊಬೈಲುಗಳಿಗೆ 40, ಒಟ್ಟು 1000. ಅದಕ್ಕೆ 165 ವ್ಯಾಟಿನ ಎರಡು ಪ್ಯಾನೆಲ್, 12 ವೋಲ್ಟ್ 150 ಆಂಪಿಯರ್-ಅವರಿನ ಎರಡು ಟ್ಯೂಬ್ಯುಲರ್ ಬ್ಯಾಟರಿ. ನಮ್ಮಲ್ಲಿ ದಿನಕ್ಕೆ 5 ಗಂಟೆಯ ಪೂರ್ಣ ಬಿಸಿಲು ಎಂದು ಹಿಡಿದರೆ 330 ವ್ಯಾಟಿನ ಪ್ಯಾನೆಲ್‌ಗಳಿಂದ 1650 ಬರಬೇಕು. ಧೂಳು, ತಂತಿ, ಇನ್ವರ್ಟರಿನ ನಷ್ಟ ಮತ್ತು ಬೇಸಿಗೆಯ ಕಾವು ಎಂದು ನೂರಕ್ಕೆ ಮೂವತ್ತು ಭಾಗ ಕಳೆದರೂ 1155 ಉಳಿಯುತ್ತದೆ. ಕಾವಿನ ಬಗ್ಗೆ ಒಂದು ಮಾತು ಹೇಳಬೇಕು: ಬಿಸಿಲು ಹೆಚ್ಚಿದಷ್ಟೂ ಸೋಲಾರಿಗೆ ಒಳ್ಳೆಯದು ಎಂದು ಜನ ನಂಬಿದ್ದಾರೆ, ಆದರೆ ಪ್ಯಾನೆಲಿಗೆ ಬೇಕಾದದ್ದು ಬೆಳಕು, ಬಿಸಿಯಲ್ಲ. ಗಾಳಿ 42 ಡಿಗ್ರಿ ಇರುವ ದಿನ ಪ್ಯಾನೆಲಿನೊಳಗಿನ ಸೆಲ್ 65 ಡಿಗ್ರಿ ದಾಟುತ್ತದೆ. 25 ಡಿಗ್ರಿಯ ಮೇಲಿನ ಪ್ರತಿ ಡಿಗ್ರಿಗೂ ಶೇಕಡಾ 0.4ರಷ್ಟು ಶಕ್ತಿ ಕುಗ್ಗುತ್ತದೆ. ಬ್ಯಾಟರಿಗಳ ಒಟ್ಟು ಸಾಮರ್ಥ್ಯ 3600 ವ್ಯಾಟ್-ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ ಬಳಕೆಗೆ ಸಿಗುವುದು 1800, ಅಂದರೆ ಒಂದೂಮುಕ್ಕಾಲು ದಿನದ ಬಾಳು. ಹಾಳೆಯ ಮೇಲೆ ಎಲ್ಲವೂ ಸರಿಯಾಗಿತ್ತು. ಒಂದೇ ವಾರದಲ್ಲಿ ಕೆಲಸ ಮುಗಿಸಿ, ಬ್ಯಾಟರಿಗಳನ್ನು ತಗಡಿನ ಇಳಿಜಾರಿನಲ್ಲಿ ಇಟ್ಟು, ಚಹಾ ಕುಡಿದು ಬಂದೆವು.

ಏಳು ತಿಂಗಳು ಯಾವ ದೂರೂ ಬರಲಿಲ್ಲ. ಎಳ್ಳಮಾವಾಸ್ಯೆಗೆ ನಾಲ್ಕು ದಿನ ಇರುವಾಗ ಫೋನ್ ಬಂತು: ರಾತ್ರಿ ಹನ್ನೊಂದಕ್ಕೇ ಇನ್ವರ್ಟರ್ ಕೂಗಿ ನಿಲ್ಲುತ್ತದೆ. ನನ್ನ ಜೊತೆಯ ಹುಡುಗ ಹೋಗಿ, ಬ್ಯಾಟರಿಯ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದ್ದಿ ನೋಡಿ, ಪೂರ್ಣ ಚಾರ್ಜಿನಲ್ಲಿ 1.240ರ ಆಸುಪಾಸು ಇರಬೇಕಾದ ಸಾಂದ್ರತೆ 1.150ಕ್ಕೆ ಇಳಿದಿದೆ ಎಂದು ತಿಳಿಸಿದ. ಮನೆಯವರು ಡಿಸ್ಟಿಲ್ಡ್ ವಾಟರ್ ಬದಲು ಬೋರಿನ ನೀರು ಹಾಕಿರಬೇಕು ಎಂಬುದು ಅವನ ಅನುಮಾನ. ಬ್ಯಾಟರಿಯ ಆ ಸರಕೇ ಕಳಪೆ ಎಂಬುದು ನನ್ನ ಅನುಮಾನ. ಇಬ್ಬರೂ ನಮ್ಮನ್ನು ಬಿಟ್ಟು ಬೇರೆಯವರ ಮೇಲೆ ತಪ್ಪು ಹೊರಿಸಿದ್ದೆವು ಎಂಬುದು ಆಗ ಹೊಳೆಯಲಿಲ್ಲ. ಬ್ಯಾಟರಿಗಳನ್ನು ಅಂಗಡಿಗೆ ತಂದು ಎರಡು ದಿನ ನಿಧಾನವಾಗಿ ಚಾರ್ಜ್ ಮಾಡಿ ಮರಳಿ ಕೂರಿಸಿದೆವು. ಅಷ್ಟರಲ್ಲಿ ಸಂಕ್ರಾಂತಿ ಕಳೆದು ಬಿಸಿಲು ಏರಿತು, ಶಿವರಾತ್ರಿಯ ಹೊತ್ತಿಗೆ ದೂರು ತಾನಾಗಿಯೇ ನಿಂತಿತು. ರಿಪೇರಿ ಫಲಿಸಿತು ಎಂದು ನಾವು ಬೀಗಿದೆವು. ಈ ಬೀಗುವಿಕೆ ನಮಗೆ ಇನ್ನೊಂದು ವರ್ಷವನ್ನೂ, ಅವರಿಗೆ ಎರಡು ಬ್ಯಾಟರಿಗಳನ್ನೂ ಕಳೆಯಿತು.

2019ರ ಡಿಸೆಂಬರಿನಲ್ಲಿ ಮತ್ತೆ ಅದೇ ಫೋನ್. ಎಳ್ಳಮಾವಾಸ್ಯೆಯೂ 26ರ ಸೂರ್ಯಗ್ರಹಣವೂ ಒಟ್ಟಿಗೇ ಬಂದ ವಾರ ಅದು. ಗ್ರಹಣ ಹಿಡಿದದ್ದು ಸೂರ್ಯನಿಗಲ್ಲ, ನೀವು ಕೊಟ್ಟ ಬ್ಯಾಟರಿಗೆ ಎಂದು ಪಕ್ಕದ ದೊಡ್ಡಿಯವರು ನಕ್ಕದ್ದು ನೆನಪಿದೆ. ಗ್ರಹಣ ಕಳೆದ ಎರಡನೆಯ ದಿನ ನಾನೇ ಹೋದೆ. ಬೆಳಿಗ್ಗೆ ಹತ್ತಕ್ಕೆ ತಲುಪಿ, ತಂತಿ, ಕನೆಕ್ಟರ್, ಚಾರ್ಜ್ ಕಂಟ್ರೋಲರ್, ಅರ್ಥಿಂಗ್ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿದರೂ ದೋಷ ಸಿಗಲಿಲ್ಲ. ಪ್ಯಾನೆಲ್‌ಗಳಿಂದ ಮಧ್ಯಾಹ್ನ ಒಂದು ಗಂಟೆಗೆ 8 ಆಂಪಿಯರಿಗೂ ಮೇಲೆ ಬರುತ್ತಿತ್ತು. ಊಟ ಮಾಡಿ ಹೊರಡೋಣ ಎಂದು ಕುಳಿತವನಿಗೆ ಸಜ್ಜೆ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಮಾತು ಬೆಳೆದು ಎರಡೂವರೆ ಆಯಿತು. ಕೈ ತೊಳೆಯಲು ಎದ್ದವನು ಸುಮ್ಮನೆ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದರೆ ಕಾಣಿಸಿದ್ದು 2 ಆಂಪಿಯರ್.

ಮೇಲೆ ಹತ್ತಿದರೆ ಬೇವಿನ ಮರದ ನೆರಳು ಒಂದು ಪ್ಯಾನೆಲನ್ನು ಪೂರ್ತಿಯಾಗಿ, ಇನ್ನೊಂದರ ಮೂಲೆಯನ್ನು ಮುಚ್ಚಿತ್ತು. ಡಿಸೆಂಬರ್ ಕೊನೆಯಲ್ಲಿ ನಮ್ಮಲ್ಲಿ ಸೂರ್ಯ ನಡುಹಗಲಿನಲ್ಲೂ ದಕ್ಷಿಣಕ್ಕೆ ವಾಲಿ 50 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಮೂರೂವರೆಯ ಹೊತ್ತಿಗೆ ನೈಋತ್ಯದಲ್ಲಿ 30 ಡಿಗ್ರಿಗೆ ಇಳಿದಿರುತ್ತಾನೆ. ಆ ಎತ್ತರದಲ್ಲಿ ಒಂದು ಮಾರು ಕೋಲಿನ ನೆರಳು ಹೆಚ್ಚುಕಡಿಮೆ ಒಂದೂಮುಕ್ಕಾಲು ಮಾರಾಗುತ್ತದೆ. ಮೇ ತಿಂಗಳಲ್ಲಿ ಅದೇ ಹೊತ್ತಿಗೆ ಸೂರ್ಯ ಪಡುವಣದಲ್ಲಿರುವುದರಿಂದ ನೈಋತ್ಯದ ಮರ ಪ್ಯಾನೆಲ್‌ಗಳ ತಂಟೆಗೇ ಬರುವುದಿಲ್ಲ. ಎರಡು ಪ್ಯಾನೆಲ್‌ಗಳು ಒಂದರ ಹಿಂದೊಂದು ಸರಣಿಯಲ್ಲಿ ಇರುವುದರಿಂದ ಒಂದಕ್ಕೆ ನೆರಳು ಬಿದ್ದರೆ ಇನ್ನೊಂದು ಬಿಸಿಲಿನಲ್ಲಿದ್ದೂ ಹೆಚ್ಚಿನ ಪ್ರಯೋಜನವಿಲ್ಲ. ಜೋಡೆತ್ತಿನಲ್ಲಿ ಒಂದು ಕುಳಿತರೆ ಗಾಡಿ ನಿಂತಂತೆ. ಹೀಗೆ ಚಳಿಗಾಲದುದ್ದಕ್ಕೂ ದಿನಕ್ಕೆ 1155 ಎಂದು ನಾವು ಎಣಿಸಿದ್ದ ಕಡೆ ಬರುತ್ತಿದ್ದದ್ದು 740ರ ಆಸುಪಾಸು.

ಇಷ್ಟೇ ಆಗಿದ್ದರೂ ಫ್ಯಾನು ತಿರುಗದ ಚಳಿಗಾಲದಲ್ಲಿ ಅದು ಸಾಲಬೇಕಿತ್ತು. ಉಳಿದ ಅರ್ಧ ಕಾರಣ ಗೊತ್ತಾದದ್ದು ಸಂಜೆಯ ಬಸ್ಸು ತಪ್ಪಿ ಅಲ್ಲಿಯೇ ಉಳಿದದ್ದರಿಂದ. ಕತ್ತಲಾಗುತ್ತಲೇ ಕುರಿಹಟ್ಟಿಯ ಮೇಲೆ ಝಗ್ಗೆಂದು ಒಂದು ಫ್ಲಡ್ ಲೈಟ್ ಹೊತ್ತಿತು. 50 ವ್ಯಾಟಿನದು, ಸಂಜೆ ಆರರಿಂದ ಬೆಳಗಿನ ಆರರವರೆಗೆ ಉರಿಯುತ್ತದೆ. ನನ್ನ ಹಾಳೆಯಲ್ಲಿ ಅದರ ಸುಳಿವೇ ಇರಲಿಲ್ಲ. ಯಜಮಾನರ ತಾಯಿಯನ್ನು ಕೇಳಿದಾಗ ಅವರು, ‘ತ್ವಾಳ ಬರ್ತಾವ್ರಿ, ಮರಿ ಒಯ್ತಾವ. ದೀಪ ಇಲ್ದ ಹ್ಯಾಂಗ ಮಲಗಬೇಕು? ನೀವು ಬಂದಾಗ ಹಟ್ಯಾಗ ಕುರಿನ ಇದ್ದಿಲ್ಲಲ್ರಿ, ಯಾರೂ ಕೇಳ್ಲೂ ಇಲ್ಲ’ ಎಂದರು. ನಿಜ. ಯುಗಾದಿಯ ನಂತರ ಆ ಮನೆಯ ಗಂಡಸರು ಕುರಿಗಳನ್ನು ಹೊಡೆದುಕೊಂಡು ಸಿಂಧನೂರು, ಮಾನ್ವಿ ಕಡೆಯ ಎಡದಂಡೆ ಕಾಲುವೆಯ ನೀರಾವರಿ ಗದ್ದೆಗಳಿಗೆ ಹೋಗುತ್ತಾರೆ. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಹಟ್ಟಿ ನಿಲ್ಲಿಸುವುದು ಅವರ ವಾಡಿಕೆ. ಮೇ ತಿಂಗಳಲ್ಲಿ ನಾವು ಕಂಡ ಬೇಲಿ ಖಾಲಿ ಇತ್ತು, ಖಾಲಿ ಬೇಲಿಯನ್ನು ಕಂಡೂ ಅದರ ಬಗ್ಗೆ ಒಂದು ಮಾತು ಕೇಳದೆ ಬಂದಿದ್ದೆವು. ಆ ಮನೆಯಲ್ಲಿ ನಮಗಿಂತ ಚೆನ್ನಾಗಿ ಲೋಡಿನ ಲೆಕ್ಕ ಬಲ್ಲವರು ಆ ಅಜ್ಜಿಯೇ ಆಗಿದ್ದರು.

ಅಂದು ರಾತ್ರಿ ಅದೇ ದೀಪದ ಬೆಳಕಿನಲ್ಲಿ ಕುಳಿತು ಲೆಕ್ಕವನ್ನು ಮತ್ತೆ ಹಾಕಿದೆ. ಬಲ್ಬು, ಟಿವಿ, ಮೊಬೈಲು 400. ಹಟ್ಟಿಯ ದೀಪ 600. ನಾವು ಎಂದೂ ಲೆಕ್ಕಕ್ಕೇ ಹಿಡಿಯದ ಇನ್ವರ್ಟರಿನ ಸ್ವಂತ ಊಟ, ಅಂದರೆ ಏನನ್ನೂ ಉರಿಸದೆ ಸುಮ್ಮನೆ ಚಾಲೂ ಇದ್ದರೂ ಅದು ಎಳೆಯುವ 12 ವ್ಯಾಟು, 24 ಗಂಟೆಗೆ 288. ಒಟ್ಟು 1288. ಬರುತ್ತಿದ್ದದ್ದು 740. ದಿನಕ್ಕೆ 550ರಷ್ಟು ಕೊರತೆ ಬಿದ್ದರೆ 1800ರ ದಾಸ್ತಾನು ಮೂರು ಚಿಲ್ಲರೆ ದಿನಕ್ಕೆ ಬರಿದು. ಅಲ್ಲಿಂದ ಮುಂದೆ ಎರಡು ತಿಂಗಳು ಬ್ಯಾಟರಿ ಒಂದು ದಿನವೂ ಪೂರ್ತಿ ತುಂಬುವುದಿಲ್ಲ. ಅರೆಹೊಟ್ಟೆಯಲ್ಲಿ ಬಿದ್ದಿರುವ ಲೆಡ್ ಆಸಿಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟುತ್ತದೆ, ಬಹುಕಾಲ ಹಾಗೇ ಬಿಟ್ಟರೆ ಯಾವ ಚಾರ್ಜಿಗೂ ಕರಗುವುದಿಲ್ಲ. ಬೇಸಿಗೆಯಲ್ಲಿ ಅದು ಸುಧಾರಿಸಿದಂತೆ ಕಂಡದ್ದಕ್ಕೂ ಕಾರಣ ಸಿಕ್ಕಿತು: ನೆರಳಿಲ್ಲ, ಕುರಿ ಇಲ್ಲ, ಮನೆಯವರೆಲ್ಲ ಅಂಗಳದಲ್ಲಿ ಮಲಗುವುದರಿಂದ ನಾವು 8 ಗಂಟೆ ಎಂದು ಬರೆದ ಫ್ಯಾನೂ ಅಷ್ಟು ತಿರುಗುವುದಿಲ್ಲ. ನಾವು ಬರೆದ ಲೆಕ್ಕ ಬೇಸಿಗೆಗೂ ತಪ್ಪಾಗಿತ್ತು, ಚಳಿಗಾಲಕ್ಕೂ ತಪ್ಪಾಗಿತ್ತು; ಬೇಸಿಗೆಯಲ್ಲಿ ತಪ್ಪು ನಮ್ಮ ಪರವಾಗಿ ವಾಲಿದ್ದರಿಂದ ಗೊತ್ತಾಗಿರಲಿಲ್ಲ.

ಸರಿಪಡಿಸುವುದು ಸುಲಭವಾಗಲಿಲ್ಲ. ಬೇವಿನ ಕೊಂಬೆ ಕಡಿಯೋಣ ಎಂದರೆ ಮರದ ಬುಡದಲ್ಲಿ ದುರುಗಮ್ಮನ ಕಲ್ಲಿದೆ, ಕೊಡಲಿ ಸೋಕಿಸುವಂತಿಲ್ಲ ಎಂದರು. ಬೇಸಿಗೆಯಲ್ಲಿ ಆ ಮನೆಯನ್ನು ತಂಪಾಗಿಡುವುದೂ ಅದೇ ಮರವಾದ್ದರಿಂದ ನನಗೂ ಒತ್ತಾಯಿಸಲು ಮನಸ್ಸಾಗಲಿಲ್ಲ. ಪ್ಯಾನೆಲ್‌ಗಳನ್ನು ಇಳಿಸಿ ಅಂಗಳದ ಈಶಾನ್ಯ ಮೂಲೆಯಲ್ಲಿ ಕಬ್ಬಿಣದ ಕಂಬದ ಮೇಲೆ ಕೂರಿಸಿದೆವು. ಎರೆಮಣ್ಣಿನಲ್ಲಿ ಕಂಬ ನಿಲ್ಲಿಸುವುದೇ ಒಂದು ವಿದ್ಯೆ: ಮಳೆಗೆ ಉಬ್ಬಿ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುವ ಆ ನೆಲದಲ್ಲಿ ಎರಡಡಿ ಗುಂಡಿ ತೋಡಿ ಕಾಂಕ್ರೀಟ್ ಸುರಿದರೆ ಮರುವರ್ಷ ಕಂಬ ವಾಲುತ್ತದೆ, ಆದ್ದರಿಂದ ಬಿರುಕಿಗಿಂತ ಕೆಳಗೆ ನಾಲ್ಕೂವರೆ ಅಡಿ ಹೋದೆವು. ಚಳಿಗಾಲವೇ ಆ ಮನೆಯ ಕಷ್ಟಕಾಲವಾದ್ದರಿಂದ ಅಕ್ಷಾಂಶಕ್ಕೆ ಸರಿಯಾದ 16 ಡಿಗ್ರಿಗಿಂತ ಹೆಚ್ಚಾಗಿ, 22 ಡಿಗ್ರಿ ಓರೆಯಿಟ್ಟೆವು. ಕಂಬದಿಂದ ಬ್ಯಾಟರಿಗೆ 25 ಮೀಟರ್ ದೂರ, ಹೋಗಿ ಬರುವ ತಂತಿ 50 ಮೀಟರ್. ಮೊದಲಿದ್ದ 4 ಚದರ ಮಿಲಿಮೀಟರ್ ತಂತಿಯನ್ನೇ ಎಳೆದಿದ್ದರೆ 9 ಆಂಪಿಯರಿಗೆ 2 ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಸೋರುತ್ತಿತ್ತು. 10 ಚದರ ಮಿಲಿಮೀಟರಿನದು ಹಾಕಿ ಅದನ್ನು 1 ವೋಲ್ಟಿನ ಒಳಗೆ ತಂದೆವು. ಬ್ಯಾಟರಿಗಳನ್ನು ತಗಡಿನ ಕಾವಿನಿಂದ ಎತ್ತಿ ಮಾಳಿಗೆ ಮನೆಯ ಒಳಕೋಣೆಗೆ ಸಾಗಿಸಿದೆವು. ಮೊಳದಗಲದ ಮಣ್ಣಿನ ಗೋಡೆ ಮೇ ತಿಂಗಳಲ್ಲೂ ತಣ್ಣಗಿರುತ್ತದೆ, ಚಾರ್ಜಾಗುವಾಗ ಏಳುವ ಹೈಡ್ರೋಜನ್ ಹೋಗಲು ಮಾಳಿಗೆಯ ಬೆಳಕಿಂಡಿ ಇದೆ. ಬ್ಯಾಟರಿ ಇಡಲು ಇದಕ್ಕಿಂತ ಯೋಗ್ಯವಾದ ಕೋಣೆಯನ್ನು ನಾನು ಹೊಸ ಮನೆಗಳಲ್ಲಿ ಕಂಡಿಲ್ಲ.

ಹಟ್ಟಿಯ ದೀಪಕ್ಕೆ ನಾನು ಮೊದಲು ಸೂಚಿಸಿದ್ದು ಅಲುಗಾಟ ಕಂಡರೆ ಮಾತ್ರ ಹೊತ್ತುವ ಸೆನ್ಸರ್ ಲೈಟು. ಕುರಿಗಳು ರಾತ್ರಿಯೆಲ್ಲ ಮೈ ಕೆರೆದುಕೊಳ್ಳುತ್ತವೆ ಎಂಬುದು ತಿಳಿಯಲು ಒಂದೇ ರಾತ್ರಿ ಸಾಕಾಯಿತು. ಅದು ಆರಲೇ ಇಲ್ಲ. ಕೊನೆಗೆ ಎದುರುಬದುರು ಮೂಲೆಗಳಲ್ಲಿ 9 ವ್ಯಾಟಿನ ಎರಡು ಬಲ್ಬುಗಳನ್ನು ಹಾಕಿದೆವು. 600 ಇದ್ದದ್ದು 216ಕ್ಕೆ ಇಳಿಯಿತು. ಹೊಸ ಬ್ಯಾಟರಿಗಳ ಹಣದಲ್ಲಿ ಅರ್ಧವನ್ನೂ, ಕಂಬ, ತಂತಿ, ಕೂಲಿಯನ್ನೂ ನಾವು ಹೊತ್ತೆವು. ಆ ವರ್ಷ ಅದು ನಮಗೆ ಸಣ್ಣ ಮೊತ್ತವಾಗಿರಲಿಲ್ಲ.

ಆಮೇಲೆ ನಮ್ಮ ಹಾಳೆ ಬದಲಾಯಿತು. ಮೊದಲ ಭೇಟಿ ಈಗ ಸಂಜೆ ನಾಲ್ಕರ ನಂತರ, ಕತ್ತಲಾಗುವವರೆಗೆ ಅಲ್ಲಿಯೇ ಇರುವುದು. ಕುರಿ, ಎಮ್ಮೆ ಎಲ್ಲಿ, ಯಾವ ತಿಂಗಳು ಎಂದು ಕೇಳುವುದು. ರಾತ್ರಿ ಕೊನೆಗೆ ಮಲಗುವವರು ಯಾರು, ಮೊದಲು ಏಳುವವರು ಯಾರು ಎಂದು ಕೇಳಿ ಅವರೊಂದಿಗೂ ಮಾತಾಡುವುದು. ನೆರಳಿಗೆ ಫೋನಿನಲ್ಲಿ ಆ್ಯಪ್‌ಗಳಿವೆ, ಆದರೆ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಕಲಿಸುವುದು ಮುಷ್ಟಿಯ ಲೆಕ್ಕ. ತೋಳು ಚಾಚಿ ಹಿಡಿದ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಪ್ಯಾನೆಲ್ ಬರುವ ಜಾಗದಲ್ಲಿ ಕುಳಿತು, ದಿಗಂತದಿಂದ ಮೇಲಕ್ಕೆ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತಾ ಹೋದರೆ, ಆಗ್ನೇಯಕ್ಕೂ ನೈಋತ್ಯಕ್ಕೂ ಮೂರು ಮುಷ್ಟಿ, ನೇರ ದಕ್ಷಿಣಕ್ಕೆ ಐದು ಮುಷ್ಟಿ. ಅದಕ್ಕಿಂತ ಮೇಲೆ ಮರದ ತುದಿ, ನೀರಿನ ಟ್ಯಾಂಕು ಏನೇ ಕಂಡರೂ ಡಿಸೆಂಬರಿನಲ್ಲಿ ಅದು ಪ್ಯಾನೆಲಿನ ಮೇಲೆ ಬಿದ್ದೇ ಬೀಳುತ್ತದೆ.

2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಎಂಬ ಸುದ್ದಿ ದೊಡ್ಡಿಗಳಿಗೂ ಮುಟ್ಟಿದೆ. ಆ ಯೋಜನೆಯಲ್ಲಿ ಹಾಕುವ, ಲೈನಿಗೆ ಕೂಡಿಸುವ ಸಾಮಾನ್ಯ ಇನ್ವರ್ಟರ್, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ನ ಜೀವದ ಸಲುವಾಗಿ, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ ಎಂದು ತಿಳಿಸಿದರೆ ಬಹಳ ಮಂದಿ ನಂಬುವುದಿಲ್ಲ. ಹಗಲಿನ ಬಿಸಿಲಿನಲ್ಲಿ ಪ್ಯಾನೆಲ್ ಇಟ್ಟುಕೊಂಡೂ ಫ್ಯಾನು ನಿಂತಾಗ ನಮಗೇ ಫೋನ್ ಬರುತ್ತದೆ. ಹಾಗಾಗಿ ಅದಕ್ಕೂ ಹಾಳೆಯಲ್ಲಿ ಒಂದು ಸಾಲು ಸೇರಿದೆ: ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂದಲ್ಲ, ಯಾವ ಹೊತ್ತಿನಲ್ಲಿ ಹೋಗುತ್ತದೆ ಎಂದು.

ಆ ದೊಡ್ಡಿಯ ಮನೆಗೆ ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿಯೇ ಹೋಗುತ್ತೇನೆ. ಕಳೆದ ಬಾರಿ ಹೈಡ್ರೋಮೀಟರ್ 1.230 ತೋರಿಸಿತು, ಕಂಬ ವಾಲಿಲ್ಲ. ಕಂಬಕ್ಕೆ ಆಡು ಕಟ್ಟಬೇಡಿ, ಹಗ್ಗ ಸುತ್ತಿ ಅರ್ಥಿಂಗ್ ಪಟ್ಟಿ ಕಿತ್ತು ಬರುತ್ತದೆ ಎಂದು ಪ್ರತಿ ಸಲವೂ ಹೇಳಿ ಬರುತ್ತೇನೆ. ಪ್ರತಿ ಸಲ ಹೋದಾಗಲೂ ಅಲ್ಲಿ ಒಂದು ಆಡು ಕಟ್ಟಿರುತ್ತದೆ.